ತೋಟ ಅಡವಿಡುವ ಮೊದಲು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನಿನ್ನ ಫೋನು ಬಂದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಪೀಣ್ಯದ ಕೆಲಸಕ್ಕೆ ರಾಜೀನಾಮೆ ಕೊಟ್ಟು, ತೀರ್ಥಹಳ್ಳಿಗೆ ವಾಪಸು ಬಂದು, ತೋಟದ ಮೇಲೆ ಸಾಲ ತೆಗೆದು, ಅಡಿಕೆ ಹಾಳೆಯ ತಟ್ಟೆ ಮಾಡಿ ಅಮೆರಿಕಕ್ಕೆ ಕಳಿಸುತ್ತೇನೆ ಅಂದೆಯಲ್ಲ. "ಎಲ್ಲ ಬಿಟ್ಟು ಧುಮುಕದಿದ್ದರೆ ಅದೆಂಥ ಉದ್ಯಮ ಮಾರಾಯ?" ಅಂತಲೂ ಕೇಳಿದೆ. ಆಗ ಬಾಯಿಗೆ ಉತ್ತರ ಬರಲಿಲ್ಲ, ಈಗ ಬರೆಯುತ್ತಿದ್ದೇನೆ. ಊರಿಗೆ ಮರಳುವ ಯೋಚನೆಯಲ್ಲಿರುವ ಇನ್ನೂ ಕೆಲವರು ಓದಲಿ ಅಂತ ಎಲ್ಲರಿಗೂ ಕಾಣುವಂತೆ ಹಾಕಿದ್ದೇನೆ. ನಿನ್ನ ಹೆಸರು ಹಾಕಿಲ್ಲ.

ಮೊದಲು ತಟ್ಟೆಯ ವಿಷಯ. 2025ರ ಮೇ ತಿಂಗಳಲ್ಲಿ ಅಮೆರಿಕದ ಎಫ್‌ಡಿಎ, ಅಂದರೆ ಅಲ್ಲಿ ಆಹಾರ, ಔಷಧಗಳ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ, ಅಡಿಕೆ ಹಾಳೆಯ ತಟ್ಟೆಗಳನ್ನು ಊಟಕ್ಕೆ ಬಳಸಬಾರದು ಎಂದು ಹೇಳಿತು. ಅಡಿಕೆ ಮರದಲ್ಲಿರುವ ಆಲ್ಕಲಾಯ್ಡ್‌ಗಳೆಂಬ, ಮೈಗೆ ಕೆಡುಕು ಮಾಡಬಲ್ಲ ರಾಸಾಯನಿಕಗಳು ತಟ್ಟೆಯಿಂದ ಊಟಕ್ಕೆ ಇಳಿಯಬಹುದು ಎಂಬುದು ಅವರ ಕಾರಣ. ನಮ್ಮ ಕಡೆಯ ಮದುವೆ ಮನೆಗಳಲ್ಲಿ ನಾವು ಅದರಲ್ಲೇ ಉಂಡವರು, ಹಾಗಾಗಿ ನನಗೂ ಸಂಕಟವಾಯಿತು. ಆದರೆ ಯಾವುದೋ ದೇಶದ ಒಂದು ಆದೇಶಕ್ಕೆ ನಿಮ್ಮ ಅಪ್ಪಯ್ಯ ನೆಟ್ಟ ತೋಟ ಅಲ್ಲಾಡಬಾರದು ಕಣೋ.

ನಾನು ತಟ್ಟೆ ಮಾಡಿ ಕೈ ಸುಟ್ಟುಕೊಂಡವನು. ನಿನಗೆ ಇಷ್ಟು ವರ್ಷ ಪೂರ್ತಿ ಹೇಳಿರಲಿಲ್ಲ. ಅಮ್ಮನ ಬಳೆ ಅಡವಿಟ್ಟು ತಟ್ಟೆ ಒತ್ತುವ ಮೂರು ಡೈಯ (ಅಚ್ಚಿನ) ಮಷೀನು ತಂದೆ. ಬೇಸಿಗೆಯಲ್ಲಿ ಬಿದ್ದ ಹಾಳೆ ಆರಿಸಿ, ಒಣಗಿಸಿ, ಕೊಟ್ಟಿಗೆಯ ಅಟ್ಟದ ತುಂಬ ಪೇರಿಸಿದ್ದೆ. ದೂರದ ಊರಿನ ಒಬ್ಬ ಸಗಟು ವ್ಯಾಪಾರಿ ಮಾತು ಕೊಟ್ಟಿದ್ದ. ಆಷಾಢದ ಮಳೆ ಹಿಡಿದ ಮೇಲೆ ನಮ್ಮಲ್ಲಿ ಯಾವುದು ಒಣಗಿರುತ್ತದೆ ಹೇಳು. ಕಳಿಸಿದ ತಟ್ಟೆಗೆ ಬೂಷ್ಟು ಹಿಡಿಯಿತು, ಮಾಲು ವಾಪಸು ಬಂತು, ಹಿಂದಿನ ಬಾಕಿಯೂ ಬರಲಿಲ್ಲ. ಶುರು ಮಾಡುವಾಗ ತಿಂಗಳಿಗೆ ಎಷ್ಟು ತಟ್ಟೆ, ತಟ್ಟೆಗೆ ಎಷ್ಟು ಲಾಭ ಅಂತ ನೋಟ್‌ಬುಕ್ಕಿನ ನಾಲ್ಕು ಪುಟ ಬರೆದಿದ್ದೆ. ಎಷ್ಟು ಹೋದರೆ ನಾನು ತಡೆದುಕೊಳ್ಳಬಲ್ಲೆ ಅಂತ ಒಂದು ಸಾಲೂ ಬರೆದಿರಲಿಲ್ಲ. ಆ ಬಳೆ ಬಿಡಿಸಿಕೊಳ್ಳುವ ಹೊತ್ತಿಗೆ ಅಮ್ಮ ಇರಲಿಲ್ಲ.

ನಿಮ್ಮ ತೋಟದ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಹಿಡಿಯುತ್ತಿದ್ದವರು ನೆನಪಿದ್ದಾರಾ? ಕತ್ತೆತ್ತಿ ಗೊನೆ ನೋಡುತ್ತ ತೋಟವಿಡೀ ಒಂದು ಸುತ್ತು ಬರುತ್ತಿದ್ದರು. ಆಮೇಲೆ ಜಗಲಿಯಲ್ಲಿ ಕೂತು, ಒಂದು ಕ್ವಿಂಟಲ್ ಹಸಿ ಅಡಿಕೆಗೆ ಇಂತಿಷ್ಟು ಕೆಜಿ ಒಣ ಅಡಿಕೆ ಕೊಡುತ್ತೇನೆ ಅಂತ ಬಾಯಿಮಾತಿನಲ್ಲೇ ಮುಗಿಸುತ್ತಿದ್ದರು. ಗೊನೆ ಕೊಯ್ಯುವ ಕೊನೆಗಾರರನ್ನು ಹೊಂದಿಸುವುದು, ಸುಲಿಸುವುದು, ಬೇಯಿಸುವುದು, ಒಣಗಿಸುವುದು ಎಲ್ಲ ಅವರದ್ದೇ. ದೀಪಾವಳಿ ಹೊತ್ತಿಗೆ ಮಳೆ ಬಂದು ಅಂಗಳದ ಅಡಿಕೆ ಕೆಟ್ಟರೆ ನಷ್ಟ ಅವರದ್ದು. ರೇಟು ಇಳಿದರೂ ಅವರದ್ದೇ. ಒಂದು ವರ್ಷ ಪಕ್ಕದ ಮನೆಯವರು ತಮ್ಮ ತೋಟವನ್ನೂ ಹಿಡಿಯಿರಿ ಅಂತ ಎಷ್ಟು ಕರೆದರೂ ಅವರು ಒಪ್ಪಲಿಲ್ಲ. "ನನ್ನ ಹಂಡೆ ಎರಡೇ, ಸುಲಿಯುವವರು ಹನ್ನೆರಡೇ ಜನ. ಇದರ ಮೇಲೆ ಹಿಡಿದು ಮಳೆ ಬಂದರೆ ಮಕ್ಕಳ ಫೀಸಿಗೆ ಕೈ ಹಾಕಬೇಕಾಗುತ್ತದೆ" ಅಂದರು. ಆಗ ನಾವು ಅವರನ್ನು ಅಂಜುಬುರುಕ ಅಂದುಕೊಂಡಿದ್ದೆವು. ಅವರಷ್ಟು ದೊಡ್ಡ ಉದ್ಯಮಿಯನ್ನು ನಾನು ಆಮೇಲೆ ನೋಡಿಲ್ಲ.

ಸರಸ್ ಸರಸ್ವತಿ ಅಂತ ಒಬ್ಬರು, ಭಾರತ ಮೂಲದವರು, ಅಮೆರಿಕದಲ್ಲಿ ಪ್ರಾಧ್ಯಾಪಕಿ. ಪಳಗಿದ 27 ಉದ್ಯಮಿಗಳು ಹೇಗೆ ಯೋಚಿಸುತ್ತಾರೆ ಅಂತ ಅಧ್ಯಯನ ಮಾಡಿದವರು. ಅವರಿಗೆ ಕಂಡದ್ದು ನಮ್ಮ ಚೇಣಿಯವರ ಲೆಕ್ಕವೇ. ಪಳಗಿದವರು ಎಷ್ಟು ಗಳಿಸಬಹುದು ಅಂತ ಹೊರಡುವುದಿಲ್ಲ. ಕೈಯಲ್ಲಿ ಏನಿದೆ, ನನಗೆ ಏನು ಗೊತ್ತು, ಯಾರು ಗೊತ್ತು, ಎಷ್ಟು ಹೋದರೂ ಮನೆ ನಿಲ್ಲುತ್ತದೆ ಅಂತ ನೋಡಿ ಹೊರಡುತ್ತಾರೆ.

ಕೆಲಸ ಬಿಟ್ಟರೇ ಛಲ ಅನ್ನುತ್ತೀಯಲ್ಲ, ಅದಕ್ಕೂ ಅಲ್ಲಿ ಲೆಕ್ಕ ಹಾಕಿದ್ದಾರೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಂಬಳದ ಕೆಲಸ ಇಟ್ಟುಕೊಂಡೇ ಉದ್ಯಮ ಶುರು ಮಾಡಿ ಆಮೇಲೆ ಪೂರ್ತಿ ಇಳಿದವರು ಅದನ್ನು ಮುಚ್ಚುವ ಸಾಧ್ಯತೆ, ನೇರವಾಗಿ ಧುಮುಕಿದವರಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಇತ್ತು. ವಯಸ್ಸು ನಲವತ್ತಮೂರಾಯಿತು ಅಂತ ಗೋಳಾಡಬೇಡ. ಇನ್ನೊಂದು ಅಧ್ಯಯನದ ಪ್ರಕಾರ, ಅಮೆರಿಕದಲ್ಲಿ ಅತಿ ವೇಗವಾಗಿ ಬೆಳೆದ ಕಂಪನಿಗಳನ್ನು ಕಟ್ಟಿದವರ ಸರಾಸರಿ ವಯಸ್ಸು, ಶುರು ಮಾಡುವಾಗ, 45. ಅದೇ ಕಸುಬಿನಲ್ಲಿ ಮೊದಲೇ ದುಡಿದವರು ಗೆದ್ದದ್ದು ಹೆಚ್ಚು ಅಂತಲೂ ಅದೇ ಅಧ್ಯಯನ ಹೇಳುತ್ತದೆ.

ಒಬ್ಬನೇ ನಿಂತು ಮಾಡಿ ತೋರಿಸುತ್ತೇನೆ ಅಂದದ್ದು ಮಾತ್ರ ನನಗೆ ಬೇಸರ ತಂದಿತು. ಶಿವಮೊಗ್ಗದ ಮ್ಯಾಮ್‌ಕೋಸ್ ಹುಟ್ಟಿದ್ದು 1939ರಲ್ಲಿ, ಅಡಿಕೆ ಬೆಳೆಗಾರರ ಸಹಕಾರ ಸಂಘವಾಗಿ. ನಿಮ್ಮ ಅಪ್ಪಯ್ಯನೂ ನಮ್ಮ ಅಪ್ಪಯ್ಯನೂ ಮೂಟೆ ಹಾಕುತ್ತಿದ್ದದ್ದು ಅಲ್ಲಿಗೇ. ಜೊತೆ ಸೇರಿ ಕಟ್ಟಿದ್ದೂ ಉದ್ಯಮವೇ. ನಮ್ಮ ಮನೆಗಳ ಅನ್ನ ಬಂದದ್ದು ಅದರಿಂದ.

ಈಗ ನಿನ್ನ ಕೈಯಲ್ಲಿರುವುದನ್ನು ನೋಡು. ಹದಿನೆಂಟು ವರ್ಷ ಮೋಟಾರು, ಬೇರಿಂಗು, ಬೆಲ್ಟುಗಳ ಜೊತೆ ಬದುಕಿದ್ದೀಯ. ಇಲ್ಲಿ ನಮ್ಮ ಸುತ್ತಮುತ್ತ ಈಗ ಅಡಿಕೆ ಸುಲಿಯುವ ಮಷೀನಿಲ್ಲದ ಊರಿಲ್ಲ. ಸುಗ್ಗಿ ಜೋರಾದಾಗಲೇ ಅವು ಕೈ ಕೊಡುತ್ತವೆ. ಹೋದ ವರ್ಷ ನಮ್ಮದು ನಾಲ್ಕು ದಿನ ನಿಂತಿತ್ತು. ಕೊಯ್ದ ಅಡಿಕೆ ರಾಶಿ ಬಿದ್ದಿತ್ತು, ಮೆಕ್ಯಾನಿಕ್ಕು ನಾಳೆ ಬರುತ್ತೇನೆ, ನಾಳೆ ಬರುತ್ತೇನೆ ಅನ್ನುತ್ತಿದ್ದ. ಬಂದು ನೋಡಿದರೆ ಸವೆದಿದ್ದದ್ದು ಒಂದು ಬೇರಿಂಗು. ಆ ನಾಲ್ಕು ದಿನವೂ ನಾನು ನಿನ್ನನ್ನೇ ನೆನೆದೆ.

ರಾಜೀನಾಮೆ ಪತ್ರ ಮೇಜಿನ ಡ್ರಾಯರಿನಲ್ಲೇ ಇರಲಿ. ನವೆಂಬರಿನಲ್ಲಿ ಎರಡು ವಾರ ರಜೆ ಹಾಕಿ ಬಾ. ನಿನ್ನ ಪಾನ, ಮೀಟರು, ಒಂದಷ್ಟು ಬೆಲ್ಟು, ಬೇರಿಂಗು ಇದ್ದರೆ ಸಾಕು. ಅದಕ್ಕೆ ಖರ್ಚು ಮಾಡಿದ್ದು ಪೂರ್ತಿ ಹೋದರೂ ಅತ್ತಿಗೆಯ ಮುಂದೆ ನೀನು ತಲೆತಗ್ಗಿಸಬೇಕಾಗಿಲ್ಲ. ತಟ್ಟೆ ಮಷೀನು ಇದ್ದ ಕೊಟ್ಟಿಗೆ ಖಾಲಿಯಿದೆ, ಕರೆಂಟು ಲೈನೂ ಹಾಗೇ ಇದೆ. ಓಡಾಡಲು ನನ್ನ ಬೈಕಿದೆ. ಮಷೀನು ಇಟ್ಟವರ ನಂಬರು ಈಗಿನಿಂದಲೇ ಬರೆದಿಡುತ್ತಿದ್ದೇನೆ, ನಿನ್ನೆಗೆ ಹದಿನೇಳಾಯಿತು.

ನಿನ್ನ ದಾರಿ ಕಾಯುವ
ಗೆಳೆಯ