ಹತ್ತಕ್ಕೆ ಎಷ್ಟು ಅಂತ ಕೇಳಿದ್ದೆಯಲ್ಲ

ಪುಟ್ಟೀ,

ಭಾನುವಾರ ಫೋನ್ ಕಟ್ ಮಾಡಿದ್ದು ನಾನೇ. ನೆಟ್‌ವರ್ಕ್ ಹೋಯಿತು ಅಂತ ಆಮೇಲೆ ಅಪ್ಪನ ಕೈಲಿ ಹೇಳಿಸಿದೆ. ಅದು ಸುಳ್ಳು. "ನೋವು ನಂದು, ನಿಂಗೇನು ಗೊತ್ತು" ಅಂದುಬಿಟ್ಟೆನಲ್ಲ, ಅದಕ್ಕೆ ನೀನು ಏನು ಹೇಳುತ್ತೀಯೋ ಅಂತ ಹೆದರಿ ಕಟ್ ಮಾಡಿದೆ. ಮತ್ತೆ ಫೋನಲ್ಲಿ ಮಾತಿಗೆ ಕೂತರೆ ಇಬ್ಬರೂ ಅಳುತ್ತೇವೆ, ಇಲ್ಲ ಇಬ್ಬರೂ ಕೂಗಾಡುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ.

ಆಸ್ಪತ್ರೆಯ ದಿನಗಳನ್ನೆಲ್ಲ ಮತ್ತೆ ಹೇಳುವುದಿಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ. ಒಂದು ಬೆಳಗ್ಗೆಯದ್ದು ಮಾತ್ರ ಹೇಳಬೇಕು. ಮಂಡಿ ಬದಲಿಸುವ ಎರಡನೇ ಆಪರೇಷನ್ ಆಗಿ ನಾಲ್ಕನೇ ದಿನ. ಫಿಸಿಯೋ ಹುಡುಗಿ ಬಂದು ಮಂಡಿ ಮಡಿಸಲು ಕೂತಳು. 90 ಡಿಗ್ರಿಗೆ ತರಬೇಕು, ಈಗ ಬಿಟ್ಟರೆ ಬಿಗಿದುಕೊಳ್ಳುತ್ತೆ ಅಂದಳು. ಅವಳ ತಪ್ಪೇನಿಲ್ಲ. ನಾನು ಕೂಗಿದೆ. ಅಂಥ ಕೂಗು ನನ್ನೊಳಗಿದೆ ಅಂತ ನನಗೇ ಗೊತ್ತಿರಲಿಲ್ಲ. ನೀನು ಗೋಡೆ ಕಡೆ ತಿರುಗಿ ನಿಂತೆ. ನನಗೆ ಕಂಡದ್ದು ನಿನ್ನ ಬೆನ್ನು ಮಾತ್ರ. ಗೋಡೆಯಲ್ಲಿ ಒಂದು ಕಡೆ ಬಣ್ಣ ಎದ್ದಿತ್ತು. ನೀನು ಅದನ್ನು ಉಗುರಿನಿಂದ ಕೆರೆಯುತ್ತಾ ನಿಂತಿದ್ದೆ. ಚೂರು ಚೂರೇ ಕೆಳಗೆ ಬೀಳುತ್ತಿತ್ತು. ಆಮೇಲೆ ಮುಖ ತೊಳೆದುಕೊಂಡು ಬಂದು, ಏನೂ ಆಗಿಲ್ಲ ಅನ್ನೋ ಹಾಗೆ, "ಹತ್ತಕ್ಕೆ ಎಷ್ಟಮ್ಮ ನೋವು?" ಅಂತ ಕೇಳಿದೆ.

ನಾನು "ಮೂರು" ಅಂದೆ. ಒಂಬತ್ತು ಇತ್ತು.

ಅವತ್ತಿನಿಂದ ಹದಿನಾಲ್ಕು ತಿಂಗಳು ಮೂರು, ಎರಡು ಅಂತಲೇ ಹೇಳಿಕೊಂಡು ಬಂದೆ. ನೀನು ಕೇಳಿದಾಗಲೆಲ್ಲ ನನಗೆ ಆ ಬೆನ್ನು ಕಾಣುತ್ತೆ. ಆ ಉಗುರು ಕಾಣುತ್ತೆ. ಬಾಯಿಗೆ ನಿಜ ಬರುವುದೇ ಇಲ್ಲ. ರಾತ್ರಿ ಎರಡು ಗಂಟೆಗೆ ಅಮ್ಮ ಹಾಲ್‌ನಲ್ಲಿ ಓಡಾಡುತ್ತಿರುತ್ತಾಳೆ ಅಂತ ಅಪ್ಪ ಬಾಯಿ ತಪ್ಪಿ ಹೇಳದಿದ್ದರೆ ಇವತ್ತಿಗೂ ಹೇಳುತ್ತಿರಲಿಲ್ಲವೇನೋ. ನಿನ್ನ ಕಷ್ಟ ಕಡಿಮೆ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ನಿನಗೆ ಮೋಸ ಮಾಡಿದೆ ಅಂತ ಭಾನುವಾರ ನಿನ್ನ ದನಿ ಕೇಳಿದಾಗ ಗೊತ್ತಾಯಿತು. ತಪ್ಪಾಯಿತು ಪುಟ್ಟಿ.

ಈಗ ನಿಜ ಹೇಳುತ್ತೇನೆ. ಹಗಲು ನಾಲ್ಕೋ ಐದೋ ಇರುತ್ತೆ. ರಾತ್ರಿ ಏಳು. ಹೊಲಿಗೆಯ ಹೊರಗಡೆ ಪಕ್ಕದಲ್ಲಿ ಅಂಗೈ ಅಗಲದಷ್ಟು ಜಾಗ ಜೋಮು ಹಿಡಿದ ಹಾಗಿದೆ. ಆಪರೇಷನ್ನಿನಲ್ಲಿ ಚರ್ಮದ ಸಣ್ಣ ನರ ಕತ್ತರಿಸಿ ಹೋಗುತ್ತೆ, ಅದು ತುಂಬಾ ಜನಕ್ಕೆ ಆಗುತ್ತೆ ಅಂದರು. ವಿಚಿತ್ರ ಏನು ಗೊತ್ತಾ? ಅಲ್ಲಿ ಬೆರಳಿಟ್ಟು ಒತ್ತಿದರೆ ಏನೂ ಗೊತ್ತಾಗುವುದಿಲ್ಲ. ಅದರ ಅಂಚಿಗೆ ಹೊದಿಕೆ ಸೋಕಿದರೆ ಮಾತ್ರ ಬೆಂಕಿ ಇಟ್ಟ ಹಾಗೆ ಉರಿಯುತ್ತೆ. ಅದಕ್ಕೇ ಎದ್ದು ಓಡಾಡುವುದು.

ಮೂರನೇ ಸಲ ಆಪರೇಷನ್ ಮಾಡಿಸೋಣ, ಬೇರೆ ಡಾಕ್ಟರ್ ನೋಡೋಣ ಅಂದೆಯಲ್ಲ. ನಾನು ಬೇಡ ಅಂದಿದ್ದು ಹಟಕ್ಕಲ್ಲ. ನಿನಗೆ ಹೇಳದೆ ಇನ್ನೊಬ್ಬರಿಗೂ ತೋರಿಸಿ ಬಂದೆ. ಇನ್ಫೆಕ್ಷನ್ ಇದೆಯಾ ಅಂತ ರಕ್ತದಲ್ಲಿ ಇಎಸ್ಆರ್, ಸಿಆರ್‌ಪಿ ಎರಡೂ ನೋಡಿದರು. ಮಂಡಿಯಿಂದ ನೀರು ತೆಗೆದು, ಅದರಲ್ಲಿ ಕ್ರಿಮಿ ಬೆಳೆಯುತ್ತಾ ಅಂತ ನೋಡಲು ಕಲ್ಚರ್‌ಗೆ ಕಳಿಸಿದರು. ಎಕ್ಸ್‌ರೇ ಆಯಿತು, ಒಳಗೆ ಕೂರಿಸಿದ ಕೃತಕ ಭಾಗ ತಿರುಚಿ ಕೂತಿದೆಯಾ ಅಂತ ಸಿಟಿ ಸ್ಕ್ಯಾನೂ ಆಯಿತು. ಸೊಂಟದ ಕೀಲು, ಬೆನ್ನು ಎಲ್ಲ ಪರೀಕ್ಷೆ ಮಾಡಿದರು, ಅಲ್ಲಿಯ ನೋವೂ ಮಂಡಿಗೆ ಇಳಿಯುತ್ತಂತೆ. ಇನ್ಫೆಕ್ಷನ್ ಇಲ್ಲ. ಸಡಿಲ ಆಗಿಲ್ಲ. ಇಂಥದ್ದೇ ಕಾರಣ ಅಂತ ಸಿಗದೆ ಬರೀ ನೋವಿಗೆ ಅಂತ ಮತ್ತೆ ತೆಗೆದರೆ ನೋವು ಹೋಗುವ ಸಾಧ್ಯತೆ ಕಡಿಮೆ ಅಂದರು. ಪ್ರತಿ ಸಲ ತೆಗೆದಾಗಲೂ ಒಂದಿಷ್ಟು ಮೂಳೆ ಹೋಗುತ್ತೆ, ಇನ್ಫೆಕ್ಷನ್ ಭಯವೂ ಜಾಸ್ತಿಯಾಗುತ್ತೆ.

ನಾನೇ ಬಲವಂತ ಮಾಡಿ ಎರಡನೇದು ಮಾಡಿಸಿದೆ ಅಂತ ನೀನು ಕೊರಗುತ್ತಿದ್ದೀಯ. ನೀನು ಬಾಯಿ ಬಿಟ್ಟು ಹೇಳಿಲ್ಲ, ಆದರೂ ನನಗೆ ಗೊತ್ತು. ಕೇಳು. ಹತ್ತರಲ್ಲಿ ಎಂಟು ಕೃತಕ ಮಂಡಿ 25 ವರ್ಷ ಬಾಳುತ್ತವೆ ಅಂತ ಮೊದಲನೇ ಸಲ ನೀನೇ ಓದಿ ಹೇಳಿದ್ದೆ. ನನ್ನದು ಆರೇ ವರ್ಷಕ್ಕೆ ಸಡಿಲವಾಯಿತು. ಎಕ್ಸ್‌ರೇಯಲ್ಲಿ ಕೃತಕ ಮಂಡಿ ಅಂಟಿಸಿದ ಸಿಮೆಂಟಿಗೂ ಮೂಳೆಗೂ ನಡುವೆ ಆ ಕಪ್ಪು ಗೆರೆ ನೀನೂ ನೋಡಿದೆ. ಅವತ್ತು ಕಾರಣ ಕಣ್ಣೆದುರಿಗೇ ಇತ್ತು. ಮಾಡಿಸಲೇಬೇಕಿತ್ತು. ಈಗ ಕಾಲಿಟ್ಟರೆ ಮಂಡಿ ಕುಸಿಯುವುದಿಲ್ಲ, ಅದು ನಿಜವಾಗಿ ಸರಿಹೋಗಿದೆ. ನೋವು ಉಳಿಯಿತು. ಮೊದಲನೇ ಆಪರೇಷನ್ ಆದವರಲ್ಲೇ ಐವರಲ್ಲಿ ಒಬ್ಬರಿಗೆ ಹೀಗೆ ಉಳಿಯುತ್ತಂತೆ, ಎರಡನೇದಕ್ಕೆ ಇನ್ನೂ ಜಾಸ್ತಿ.

ಎರಡನೇ ಆಪರೇಷನ್ನಿಗೆ ಮುಂಚೆ ಡಾಕ್ಟರ್ ಎದುರು ನೋಟ್‌ಬುಕ್ ಇಟ್ಟುಕೊಂಡು, "ಇನ್ಫೆಕ್ಷನ್ ಇಲ್ಲ ಅಂತ ಹೇಗೆ ಹೇಳ್ತೀರಿ?" ಅಂತ ಕೇಳಿದೆಯಲ್ಲ. ಅವರು ಪೆನ್ ಕೆಳಗಿಟ್ಟು ನಿನ್ನನ್ನೇ ನೋಡಿದರು. ಆಮೇಲೇ ಅಲ್ವಾ ನೀರು ತೆಗೆದು ಪರೀಕ್ಷೆ ಮಾಡಿಸಿದ್ದು. ನನ್ನ ಮಗಳು ಅಂತ ಹೇಳಬೇಕು ಅನ್ನಿಸಿತ್ತು. ಹೇಳಲಿಲ್ಲ. ಹೊಟ್ಟೆಯಲ್ಲೇ ಇಟ್ಟುಕೊಂಡೆ. ನಾನು ಹೀಗೆ ಒಳಗೇ ಇಟ್ಟುಕೊಂಡದ್ದು ಬಹಳ ಇದೆ.

ರಿಪೋರ್ಟ್ ಎಲ್ಲ ನಾರ್ಮಲ್, ಮನಸ್ಸಿಗೆ ಹಚ್ಕೋಬೇಡಿ ಅಂತ ಒಬ್ಬರು ಅಂದಾಗ ತುಂಬಾ ನೊಂದುಕೊಂಡೆ. ಆದರೆ ನೋವಿನ ಡಾಕ್ಟರ್ ಹತ್ತಿರ ಕಳಿಸಿದರಲ್ಲ, ಅವರು ಏನೂ ಮಾತಾಡದೆ ಸ್ವಲ್ಪ ಹತ್ತಿ ತಗೊಂಡು ಹೊಲಿಗೆ ಪಕ್ಕ ಮೆಲ್ಲಗೆ ಎಳೆದರು. ನಾನು ಬೆಚ್ಚಿಬಿದ್ದೆ. "ನೋಡಿ, ಹತ್ತಿಗೆ ಯಾರಿಗೂ ನೋವಾಗಬಾರದು. ನಿಮಗೆ ಆಗ್ತಿದೆ. ಇದು ನರದ ನೋವು, ನಿಜವಾದ ನೋವು" ಅಂದರು. ಮನೆಗೆ ಬಂದು ಅತ್ತೆ. ನೋವಿಗಲ್ಲ. ನಂಬಿದರಲ್ಲ, ಅದಕ್ಕೆ. ಗಾಯ ಆರಿದೆ, ವರ್ಷಗಟ್ಟಲೆ ನೋವು ತಿಂದ ನರಗಳು ಕೂಗುವುದನ್ನು ಬಿಟ್ಟಿಲ್ಲ, ಅಷ್ಟೇ ಅಂದರು.

ರಾತ್ರಿಗೊಂದು ಪ್ರಿಗಾಬಲಿನ್ ಕೊಟ್ಟಿದ್ದಾರೆ. ಫಿಟ್ಸ್‌ಗೆ ಕೊಡುವ ಮಾತ್ರೆ ಅಂತ ಓದಿ ಗಾಬರಿಯಾಗಬೇಡ, ನರದ ನೋವಿಗೂ ಅದನ್ನೇ ಕೊಡುತ್ತಾರೆ. ಸ್ವಲ್ಪ ತಲೆ ಸುತ್ತುತ್ತೆ. ಎದ್ದ ತಕ್ಷಣ ನಡೆಯುವುದಿಲ್ಲ, ಮಂಚದ ಅಂಚಿಗೆ ಕೂತು ಐವತ್ತು ಎಣಿಸಿ ಏಳುತ್ತೇನೆ. ನೋವು ಕಮ್ಮಿ ಇದ್ದ ದಿನ ಮನೆಯ ಕೆಲಸವನ್ನೆಲ್ಲ ಎಳೆದು ಹಾಕಿಕೊಂಡು ಎರಡು ದಿನ ಮಲಗುತ್ತಿದ್ದೆ. ಅದನ್ನು ಬಿಟ್ಟಿದ್ದೇನೆ. ಇಪ್ಪತ್ತು ನಿಮಿಷ ನಿಂತರೆ ಕೂರಬೇಕು, ನೋವು ಇರಲಿ ಬಿಡಲಿ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಕೋಲು ಒಳ್ಳೆ ಕಾಲಿನ ಕಡೆ ಕೈಯಲ್ಲಿ. ಇಷ್ಟು ದಿನ ತಪ್ಪು ಕೈಯಲ್ಲಿ ಹಿಡಿಯುತ್ತಿದ್ದೆ.

ನೀನೂ ಅಷ್ಟೇ. ರಾತ್ರಿ ಕೂತು ಮಂಡಿ ಬಗ್ಗೆ ಹುಡುಕುವುದನ್ನು ನಿಲ್ಲಿಸು. ನಿದ್ದೆಗೆಟ್ಟರೆ ನನ್ನ ನೋವು ಕಡಿಮೆಯಾಗುತ್ತಾ? ಕುರ್ಚಿಯಲ್ಲಿ ಗಂಟೆಗಟ್ಟಲೆ ಅಲ್ಲಾಡದೆ ಕೂರುತ್ತೀಯ, ಎದ್ದು ನಡೆ. ತೊಡೆಯ ಸ್ನಾಯು ಗಟ್ಟಿಯಿದ್ದರೆ ಮಂಡಿಯ ಭಾರ ಕಮ್ಮಿ, ಈಗಿನಿಂದಲೇ ಮಾಡಿಕೋ. ನಾನು ಸುಮ್ನೆ ತಳ್ಳಿಕೊಂಡು ಬಂದ ಹಾಗೆ ನೀನು ತಳ್ಳಬೇಡ, ನೋವಾದರೆ ಮೊದಲನೇ ವಾರಕ್ಕೇ ತೋರಿಸು. ನೋಡು, ಉಪದೇಶ ಮಾಡಬಾರದು ಅಂತಲೇ ಕೂತಿದ್ದೆ. ಹೆದರಿಕೆ ಹೀಗೆ ಮಾತಾಡಿಸುತ್ತೆ.

ಒಂದು ಮಾತು ಕೊಡುತ್ತೇನೆ. ಮಂಡಿ ಕೆಂಪಗಾದರೆ, ಇದ್ದಕ್ಕಿದ್ದ ಹಾಗೆ ಊದಿಕೊಂಡರೆ, ಜ್ವರ ಬಂದರೆ, ಹೊಲಿಗೆಯಿಂದ ಏನಾದರೂ ಒಸರಿದರೆ ಆಸ್ಪತ್ರೆಗೆ ಹೋಗುತ್ತೇನೆ, ನಿನಗೂ ಆಗಲೇ ಹೇಳುತ್ತೇನೆ. ಬೆಳಗಾಗಲಿ ಅಂತ ಕಾಯುವುದಿಲ್ಲ. ಮಿಕ್ಕ ದಿನ ನೀನು ನಂಬರ್ ಕೇಳಿದರೆ ನಿಜವಾದ ನಂಬರ್ ಹೇಳುತ್ತೇನೆ. ಅದನ್ನು ಕೇಳಿ ನಿನಗೆ ಅಳು ಬಂದರೆ ಗೋಡೆ ಕಡೆ ತಿರುಗಬೇಡ. ನನ್ನ ಕಡೆ ತಿರುಗಿಯೇ ಅಳು. ನಾನು ನೋಡಬಲ್ಲೆ.

ಮುಂದಿನ ಗುರುವಾರ ಮತ್ತೆ ಆ ನೋವಿನ ಡಾಕ್ಟರ್. ನೀನು ಫೋನಲ್ಲಿ ಇರು, ನೋಟ್‌ಬುಕ್ ಇಟ್ಟುಕೊಂಡು. ಮಾತ್ರೆ ಎಷ್ಟು ತಿಂಗಳು ಅಂತ ಕೇಳಬೇಕು, ನನಗೆ ಮರೆತುಹೋಗುತ್ತೆ.

ಬೆಳಗ್ಗೆ ನಾಲ್ಕು ಇತ್ತು. ಬರೆಯುತ್ತಾ ಕೂತು ಕೂತು ಈಗ ಆರು. ಎದ್ದು ಸ್ವಲ್ಪ ಓಡಾಡುತ್ತೇನೆ.

ನಿನ್ನ
ಅಮ್ಮ