ಯಾವ ಬೆಲೆಗಾದರೂ ಅಂದೆಯಲ್ಲ

ಚಿ. ಮಧುವಿಗೆ ಆಶೀರ್ವಾದಗಳು.

‘ಡಬ್ಲ್ಯುಡಿ-40 ಎಂಥ ಕಾಲದಲ್ಲೂ ಖರ್ಚಾಗುವ ಸರಕು, ಆ ಕಂಪನಿಯ ಷೇರನ್ನು ಯಾವ ಬೆಲೆಗೆ ಕೊಂಡರೂ ನಷ್ಟವಿಲ್ಲ’ ಅಂತ ಬರೆದಿದ್ದೀಯ. ಆ ಸಾಲು ಓದಿದಾಗಿನಿಂದ ಮನಸ್ಸಿಗೆ ನೆಮ್ಮದಿಯಿಲ್ಲ.

ತುಕ್ಕು ತಡೆಯಲು, ಬಿಗಿದದ್ದನ್ನು ಸಡಿಲಿಸಲು ಸಿಂಪಡಿಸುವ ಆ ಡಬ್ಬಿಯ ಸರಕು ಗಟ್ಟಿ, ಒಪ್ಪಿದೆ. 1953ರಲ್ಲಿ ಸ್ಯಾನ್ ಡಿಯಾಗೊದಲ್ಲಿ ತುಕ್ಕು ತಡೆಯಲು ಹೊರಟವರ 40ನೇ ಪ್ರಯತ್ನದ ಮಿಶ್ರಣ ಈಗಲೂ ಕಂಪನಿಯನ್ನು ಸಾಕುತ್ತಿದೆ. ತಯಾರಿಕೆ ಹೊರಗಿನವರದು, ಹಾಗಾಗಿ ಕಾರ್ಖಾನೆಗೆ ದುಡ್ಡು ಸುರಿಯಬೇಕಿಲ್ಲ. ಆದರೆ ಡಬ್ಬಿ ಉಕ್ಕಿನದು, ಒಳಗಿರುವುದು ಪೆಟ್ರೋಲಿಯಂನಿಂದ ಬಂದದ್ದು. ಎರಡೂ ತುಟ್ಟಿಯಾದ 2022ರಲ್ಲಿ ಗ್ರಾಸ್ ಮಾರ್ಜಿನ್, ಅಂದರೆ ಮಾರಾಟದಲ್ಲಿ ಸರಕಿನ ತಯಾರಿಕೆ ವೆಚ್ಚ ಕಳೆದು ಉಳಿಯುವ ಪಾಲು, ಸುಮಾರು ಶೇ 49ಕ್ಕೆ ಕುಸಿಯಿತು. ಅವರೇ ಇಟ್ಟುಕೊಂಡ ಗುರಿ ಶೇ 55. ಮೂರು ತಿಂಗಳ ಫಲಿತಾಂಶ ಬಂದಾಗ ಮೊದಲು ಈ ಅಂಕಿ ನೋಡು.

ಮತ್ತೆ ನಿನ್ನ ‘ಯಾವ ಬೆಲೆಗೆ ಕೊಂಡರೂ’ ಅನ್ನುವ ಮಾತಿಗೆ ಬರುತ್ತೇನೆ. ಆಗಸ್ಟ್‌ಗೆ ಮುಗಿಯುವ ಅವರ 2021ರ ವರ್ಷದಲ್ಲಿ ಮಾರಾಟ 48.8 ಕೋಟಿ ಡಾಲರ್, ಷೇರೊಂದರ ಗಳಿಕೆ 5.09 ಡಾಲರ್. 2024ರಲ್ಲಿ ಮಾರಾಟ 59 ಕೋಟಿ, ಗಳಿಕೆ 5.11. ಮಾರಾಟ ಐದರಲ್ಲೊಂದು ಪಾಲು ಏರಿತು, ಷೇರುದಾರನಿಗೆ ಹೆಚ್ಚಿಗೆ ಸಿಕ್ಕಿದ್ದು ಎರಡು ಸೆಂಟ್. ಡಬ್ಬಿಗಳೇ ಹೆಚ್ಚು ಹೋದವೋ, ಬೆಲೆ ಏರಿಸಿದ್ದಕ್ಕೆ ಮಾರಾಟ ಹೆಚ್ಚಾಗಿ ಕಂಡಿತೋ ಅಂತ ವಾರ್ಷಿಕ ವರದಿಯಲ್ಲಿ ಹುಡುಕಬೇಕು.

ಲೆಕ್ಕ ಹಾಕಿ ನೋಡು ಮಗೂ. ಷೇರೊಂದರ ಆ 5.11 ಡಾಲರ್ ಗಳಿಕೆಯ 50 ಪಟ್ಟು ಕೊಟ್ಟರೆ ಷೇರಿಗೆ ಸುಮಾರು 255 ಡಾಲರ್. ಗಳಿಕೆ ವರ್ಷಕ್ಕೆ ಶೇ 8ರಂತೆ ಹತ್ತು ವರ್ಷ ಬೆಳೆಯಲಿ, 11 ಡಾಲರ್ ಆದೀತು. ಅಷ್ಟರಲ್ಲಿ ಮಾರುಕಟ್ಟೆ 25 ಪಟ್ಟು ಮಾತ್ರ ಕೊಡುತ್ತೇನೆ ಅಂದರೆ ಬೆಲೆ 275. ಕಂಪನಿ ಒಂದು ತಪ್ಪೂ ಮಾಡದೆ, ಹತ್ತು ವರ್ಷ ಕಾದ ನಿನಗೆ 20 ಡಾಲರ್, ಜೊತೆಗೆ ಕಂಪನಿ ಹಂಚುವ ಲಾಭಾಂಶ, ಅಂದರೆ ಡಿವಿಡೆಂಡ್. ನನಗೆ ಹೆದರಿಕೆ ಇದೇ. ಬೆಲೆ ಕೇಳದೆ ಕೊಂಡ ಪಶ್ಚಾತ್ತಾಪ ನನಗೂ ಉಂಟು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹೀಗೇ ಮಾಡು ಅನ್ನುವುದಕ್ಕೆ ಸಂಕೋಚ. 8ರ ಬದಲು 5 ಹಾಕಿಯೂ ಒಮ್ಮೆ ಲೆಕ್ಕ ನೋಡು. ಆಗಲೂ ಮನಸ್ಸು ಒಪ್ಪಿದರೆ ಒಂದೇ ಸಲಕ್ಕೆ ಬೇಡ, ನಾಲ್ಕು ಕಂತಿನಲ್ಲಿ ಕೊಳ್ಳಬಹುದೇನೋ. ಮಾರಾಟದ ದೊಡ್ಡ ಪಾಲು ಅಮೆರಿಕದ ಹೊರಗಿನದು, ಡಾಲರ್ ಬಲವಾದರೆ ಅದೂ ಕುಗ್ಗಿ ಕಾಣುತ್ತದೆ, ಮರೆಯಬೇಡ.

ಈಗಾಗಲೇ ಕೊಂಡುಬಿಟ್ಟಿದ್ದರೆ ಎಷ್ಟು ಪಟ್ಟು ಕೊಟ್ಟೆ ಅಂತ ಮುಚ್ಚಿಡದೆ ಬರೆ.

ನಿನ್ನ ದೊಡ್ಡಪ್ಪ