ಗೇಟಿನಲ್ಲಿ ಮುಖಪರೀಕ್ಷೆ ಬೇಡ

ಮಾನ್ಯ ಸಂಪಾದಕರೇ,

ಮುಂಬೈಯ ಹೌಸಿಂಗ್ ಸೊಸೈಟಿಗಳ ಗೇಟಿನಲ್ಲಿ ಪಾರ್ಸೆಲ್ ತರುವ ಹುಡುಗರನ್ನೂ ಮನೆಗೆಲಸದವರನ್ನೂ ‘ಮುಖ ನೋಡಿದರೆ ಭಯವಾಗುತ್ತದೆ’ ಎಂದು ತಡೆದು ನಿಲ್ಲಿಸುವ ಪರಿಪಾಠ ನಿಲ್ಲಬೇಕು. ಎದುರಿನವ ಒರಟನೇ ಅಲ್ಲವೇ ಎಂದು ತೀರ್ಮಾನಿಸಲು ನಮಗೆ ಸೆಕೆಂಡಿನ ಹತ್ತನೇ ಒಂದು ಭಾಗ ಸಾಕೆಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿಲ್ಲಿಸ್ ಮತ್ತು ಟೊಡೊರೊವ್ 2006ರಲ್ಲೇ ತೋರಿಸಿದ್ದಾರೆ. ಇನ್ನಷ್ಟು ಹೊತ್ತು ನೋಡಿದರೂ ಅಭಿಪ್ರಾಯ ಅಷ್ಟಾಗಿ ಬದಲಾಗುವುದಿಲ್ಲ, ಅದರ ಮೇಲಿನ ಭರವಸೆ ಮಾತ್ರ ಹೆಚ್ಚುತ್ತದೆ. ಹುಬ್ಬು ಹುಟ್ಟಿನಿಂದಲೇ ಕಣ್ಣಿಗೆ ಹತ್ತಿರವಿದ್ದವರ ಮುಖ ಸುಮ್ಮನಿದ್ದಾಗಲೂ ಸಿಡುಕಿನಂತೆ ಕಾಣುತ್ತದೆ. ಅದು ಎಲುಬಿನ ರಚನೆಯೇ ಹೊರತು ಸ್ವಭಾವವಲ್ಲ.

ಗೇಟಿನ ವ್ಯವಸ್ಥೆಯೂ ಈ ತಪ್ಪಿಗೆ ಕುಮ್ಮಕ್ಕು ಕೊಡುತ್ತದೆ. ರಿಜಿಸ್ಟರ್ ಇರುವುದು ಸೊಂಟದೆತ್ತರದ ಮೇಜಿನ ಮೇಲೆ. ಬಂದವನು ಬಗ್ಗಿ ಬರೆಯುತ್ತ, ಕಣ್ಣಷ್ಟೇ ಮೇಲೆತ್ತಿ ವಾಚ್‌ಮನ್‌ನತ್ತ ನೋಡುತ್ತಾನೆ. ತಲೆ 10 ಡಿಗ್ರಿಯಷ್ಟು ತಗ್ಗಿದರೂ ಸಾಕು, ಒಂದು ಸ್ನಾಯುವೂ ಅಲುಗದೆ ಹುಬ್ಬುಗಳು ಮೂಗಿನ ಕಡೆ ಇಳಿದಂತೆ ಕಂಡು ಮುಖ ಗದರಿಸುವಂತೆ ತೋರುತ್ತದೆ. ನೆತ್ತಿಯ ಮೇಲಿನ ಬಲ್ಬು ಕಣ್ಣಿನ ಗುಳಿಗೆ ನೆರಳು ತುಂಬಿ ಉಳಿದ ಕೆಲಸ ಮುಗಿಸುತ್ತದೆ. (ಬೇಕಿದ್ದರೆ ಸೆಕ್ರೆಟರಿಯವರೇ ಒಮ್ಮೆ ಅದರಡಿ ನಿಂತು ಕನ್ನಡಿ ನೋಡಿಕೊಳ್ಳಲಿ.)

ಸೊಸೈಟಿ ಸಮಿತಿಗಳು ರಿಜಿಸ್ಟರನ್ನು ಎದೆಯೆತ್ತರದ ಹಲಗೆಗೆ ಏರಿಸಿ, ಬೆಳಕು ಎದುರಿನಿಂದ ಬೀಳುವಂತೆ ದೀಪವನ್ನು ಸರಿಸಲಿ. ವಾಚ್‌ಮನ್‌ಗಳು ಮುಖ ಅಳೆಯುವ ಬದಲು ಫ್ಲ್ಯಾಟ್ ನಂಬರ್, ಮನೆಯವರ ಹೆಸರು, ಬಂದ ಕೆಲಸ ಕೇಳಿ, ಇಂಟರ್‌ಕಾಮ್‌ನಲ್ಲಿ ಖಚಿತಪಡಿಸಿಕೊಂಡು ಒಳಬಿಡಲಿ.

– ಓದುಗ, ಡೊಂಬಿವಲಿ